ಅಪ್‌ಡೇಟ್: ಮೂರು ಒಂಬತ್ತು ಇದ್ದರೂ ಕೈ ಬಿಟ್ಟೆ

ಹೋದ ವಾರ ಶಿರಸಿಯ ನಮ್ಮ ಶನಿವಾರದ ಪೋಕರ್ ಬಗ್ಗೆ ಕೇಳಿದ್ದೆ. ಚಿಪ್ಸ್ ಬದಲು ಹುಣಸೆ ಬೀಜ, ಒಂದಕ್ಕೆ 1 ರೂಪಾಯಿ. ನನ್ನ ಹತ್ತಿರ ಮೂರು ಒಂಬತ್ತು. ಆದರೆ ನೆಲದ ಮೇಲಿನ ಐದು ಎಲೆಗಳಲ್ಲಿ ನಾಲ್ಕು ಆಟೀನ್, ನನ್ನ ಕೈಯಲ್ಲಿ ಒಂದೂ ಇಲ್ಲ. ಎದುರಿನವನ ಹತ್ತಿರ ಒಂದೇ ಆಟೀನ್ ಇದ್ದರೂ ಐದಾಗಿ ನನ್ನ ಮೂರು ಒಂಬತ್ತು ಸೋಲುತ್ತದೆ. ಪಾಟ್, ಅಂದರೆ ನಡುವೆ ಸೇರಿದ ದುಡ್ಡು, 240 ಇದ್ದಾಗ ಭಾವ 120 ಹಾಕಿದ. ನಾನು ದುಡ್ಡು ಹಾಕದೆ ಕೈ ಬಿಟ್ಟೆ. ತಪ್ಪಾಯ್ತಾ ಅಂತ ಪ್ರಶ್ನೆ.

'ನಾಲ್ಕಕ್ಕೆ ಒಂದು ಸಲ ಗೆದ್ದರೂ ಸಾಕು, ಕಾಲ್ ಮಾಡಬೇಕಿತ್ತು, ಅಷ್ಟೇ ದುಡ್ಡು ಹಾಕಿ ನೋಡಬೇಕಿತ್ತು' ಅಂದಿರಿ. ಲೆಕ್ಕ ಸರಿ. 240, ಭಾವನ 120, ನನ್ನ 120 ಸೇರಿ 480ರ ಪಾಟ್‌ಗೆ 120 ಅಂದರೆ 25% ತಾನೆ? ಆದರೆ ಈ ಭಾವ ಕೊನೆ ಎಲೆ ಬಿದ್ದ ಮೇಲೆ ಸುಮ್ನೆ ದುಡ್ಡು ಹಾಕಿದ್ದನ್ನು ನಾನು ಒಮ್ಮೆಯೂ ನೋಡಿಲ್ಲ. ಅವತ್ತು ಕವಳಕ್ಕೆ ಸುಣ್ಣ ಹಚ್ಚುತ್ತಿದ್ದವನು ವೀಳ್ಯದೆಲೆಯನ್ನು ಅರ್ಧಕ್ಕೇ ಬಿಟ್ಟು, ಬೀಜಗಳನ್ನು ಹತ್ತರ ಹಾಗೆ ಎಣಿಸಿ ಇಟ್ಟಿದ್ದ.

ನಿನ್ನೆ ಕೇಳಿಯೇಬಿಟ್ಟೆ, 'ಎಂತ ಇತ್ತು ಭಾವ?'

'ದುಡ್ಡು ಹಾಕಿದ್ರೆ ತೋರಿಸ್ತಿದ್ದೆ ಮಾರಾಯ' ಅಂದ. ಕವಳ ಉಗಿದು ಬಂದ ಮೇಲೆ ಹೇಳಿದ: ಆಟೀನ್ ಏಳು.

ಅಂದರೆ 120 ಉಳಿಯಿತು. ಅದರಲ್ಲಿ 60 ನಿನ್ನೆಯೇ ಹೋಯ್ತು, ಜೋಡಿ ರಾಣಿ ಹಿಡಿದುಕೊಂಡು. ಆ ಕಥೆ ಬೇಡ ಬಿಡಿ.