ಚಿತ್ರೋದ್ಯಮವನ್ನು ಅಣಕಿಸುವ ಹಳೆಯ ಕಾರ್ಟೂನ್: ಮಕ್ಕಳಿಗೆ ಯಾವುದನ್ನು ತೋರಿಸಬಹುದು?

ಪ್ರಶ್ನೆ: ಪ್ರೌಢಶಾಲೆಯ ಮಕ್ಕಳಿಗಾಗಿ ಸಿನಿಮಾ ರಸಗ್ರಹಣ ಶಿಬಿರ ಏರ್ಪಡಿಸುತ್ತಿದ್ದೇನೆ. ಚಿತ್ರೋದ್ಯಮದ ಒಳಗನ್ನು ನಗಿಸುತ್ತಲೇ ತೋರಿಸುವ ಹಳೆಯ ಕಿರು ಕಾರ್ಟೂನೊಂದನ್ನು, ತೋರಿಸಿದ ಅನುಭವವಿರುವವರು ದಯವಿಟ್ಟು ಸೂಚಿಸಿ.

ಉತ್ತರ: ವಾರ್ನರ್ ಬ್ರದರ್ಸ್ 1940ರಲ್ಲಿ ಬಿಡುಗಡೆ ಮಾಡಿದ, ಫ್ರಿಜ್ ಫ್ರೆಲೆಂಗ್ ನಿರ್ದೇಶನದ, ಕಾರ್ಟೂನು ಪಾತ್ರಗಳೂ ನಿಜವಾದ ಮನುಷ್ಯರೂ ಒಟ್ಟಿಗೆ ಕಾಣಿಸುವ ‘ಯೂ ಆಟ್ ಟು ಬಿ ಇನ್ ಪಿಕ್ಚರ್ಸ್’ ಚಿತ್ರವನ್ನು ನಿಸ್ಸಂಕೋಚವಾಗಿ ಆರಿಸಿಕೊಳ್ಳಿ. ಕಾರ್ಟೂನು ಬರೆಯುವ ಕಲಾವಿದರೆಲ್ಲ ಊಟಕ್ಕೆ ಓಡಿದ ಮೇಲೆ, ಗೋಡೆಯ ಚೌಕಟ್ಟಿನೊಳಗಿನ ಡ್ಯಾಫಿ ಎಂಬ ಬಾತುಕೋಳಿಯು ಚಿತ್ರಫಲಕದ ಮೇಲಿರುವ ಪೋರ್ಕಿ ಎಂಬ ಹಂದಿಯನ್ನು ಮಾತಿಗೆಳೆದು, ಕಾರ್ಟೂನು ಬಿಟ್ಟು ದೊಡ್ಡ ಚಿತ್ರಗಳಿಗೆ ಹೋದರೆ ವಾರಕ್ಕೆ ಮೂರು ಸಾವಿರ ಡಾಲರ್ ಸಂಬಳದಲ್ಲಿ ಹಾಲಿವುಡ್ ನಟಿ ಬೆಟಿ ಡೇವಿಸ್‌ಗೆ ನಾಯಕನಾಗಬಹುದೆಂದು ಪುಸಲಾಯಿಸುತ್ತದೆ. ತಾರೆಯ ಸ್ಥಾನ ತೆರವಾದರೆ ತಾನೇ ಅಲ್ಲಿ ಕೂರಬಹುದೆಂಬುದು ಡ್ಯಾಫಿಯ ಹುನ್ನಾರ.

ಆ ಮಾತು ನಂಬಿದ ಪೋರ್ಕಿ ಯಜಮಾನರ ಬಳಿ ಹೋಗಿ ಕೆಲಸ ಬಿಡುತ್ತೇನೆಂದಾಗ ಅವರು ಕರಾರುಪತ್ರ ಹರಿಯುವ ದೃಶ್ಯ ಬಂದಾಗ ನಾನು ಚಿತ್ರವನ್ನು ನಿಲ್ಲಿಸುತ್ತೇನೆ. ಮೇಜಿನ ಹಿಂದೆ ಕುಳಿತಿರುವವರು ನಟರಲ್ಲ. ಆ ಕಾರ್ಟೂನ್ ಸಂಸ್ಥೆಯ ಯಜಮಾನರಾದ ಲಿಯೋನ್ ಶ್ಲೆಸಿಂಜರ್ ಅವರೇ. ಪೋರ್ಕಿಯನ್ನು ಸೌಜನ್ಯದಿಂದ ಬೀಳ್ಕೊಟ್ಟ ಅವರು, ಅವನು ಹೊರಗೆ ಹೋದೊಡನೆ, ಮರಳಿ ಬಂದೇ ಬರುತ್ತಾನೆಂದು ಹೇಳುತ್ತಾರೆ. ಹರಿದದ್ದು ನಿಜವಾದ ಕರಾರುಪತ್ರವಲ್ಲವೆಂಬುದು ಕೊನೆಯಲ್ಲಿ ತಿಳಿಯುತ್ತದೆ. ಫ್ರೆಲೆಂಗ್ ಕೂಡ 1937ರಲ್ಲಿ ಇದೇ ಯಜಮಾನರನ್ನು ಬಿಟ್ಟು ಎಂಜಿಎಂ ಎಂಬ ಇನ್ನೊಂದು ಚಿತ್ರಸಂಸ್ಥೆ ಸೇರಿ, 1939ರಲ್ಲಿ ಹಿಂದಿರುಗಿದವರು. ಈ ಸಂಗತಿಯನ್ನು ಮೊದಲೇ ಹೇಳದೆ, ಒಮ್ಮೆ ನೋಡಿ ನಕ್ಕ ಮೇಲೆ ತಿಳಿಸಿ ಮತ್ತೆ ತೋರಿಸಿದರೆ, ಸಂಬಳ, ಕರಾರು, ಯಜಮಾನಿಕೆಗಳ ಬಗ್ಗೆ ಮಕ್ಕಳೇ ಪ್ರಶ್ನೆ ಕೇಳತೊಡಗುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಚಿತ್ರದ ನಿಜವಾದ ಸತ್ವವಿರುವುದು ಇಲ್ಲಿಯೇ, ಆಮೇಲಿನ ಓಡಾಟದಲ್ಲಿ ಅಲ್ಲ.

ಇನ್ನೊಂದು ಉತ್ತರ: ಮೇಲಿನ ಸಲಹೆಯನ್ನು ಒಪ್ಪುತ್ತೇನೆ. ತಂತ್ರದ ಪಾಠಕ್ಕೂ ಇದು ಒದಗುತ್ತದೆ. ಸ್ಟುಡಿಯೋ ಬಾಗಿಲಲ್ಲಿ ಪೋರ್ಕಿಯನ್ನು ತಡೆಯುವ ಕಾವಲುಗಾರನ ಪಾತ್ರದಲ್ಲಿರುವವರು ಸಂಸ್ಥೆಯ ಕಥಾ ಲೇಖಕರಾದ ಮೈಕಲ್ ಮಾಲ್ಟೀಸ್. ಕೇಳಿಸುವ ದನಿ ಮಾತ್ರ ಕಂಠದಾನ ಕಲಾವಿದ ಮೆಲ್ ಬ್ಲಾಂಕ್ ಅವರದು. ಖರ್ಚು ಉಳಿಸಲೆಂದು ನಿಜವಾದ ಮನುಷ್ಯರಿರುವ ದೃಶ್ಯಗಳಲ್ಲಿ ಹೆಚ್ಚಿನವನ್ನು ಶಬ್ದವಿಲ್ಲದೆ ಚಿತ್ರೀಕರಿಸಿ, ಆಮೇಲೆ ಮಾತು ಸೇರಿಸಿದ್ದರು. ಧ್ವನಿ ಮುಚ್ಚಿ ಆ ಭಾಗವನ್ನಷ್ಟೇ ತೋರಿಸಿ, ತುಟಿಯ ಚಲನೆಯನ್ನು ಗಮನಿಸಲು ಮಕ್ಕಳಿಗೆ ಹೇಳಿ. ಈ ಚಿತ್ರಕ್ಕೆ ಬಣ್ಣ ತುಂಬಿದ ಪ್ರತಿಯೂ ಇರುವುದರಿಂದ, ಮೂಲದ ಕಪ್ಪು-ಬಿಳುಪು ಪ್ರತಿಯೇ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಿ.