‘ಉರಿಯೂತ’ ಎಂದಾಗ ರೋಗಿಗೆ ಏನು ಅರ್ಥವಾಗುತ್ತದೆ?

ಮಾನ್ಯರೇ,

ಕೋವಿಡ್, ಇನ್‌ಫ್ಲುಯೆಂಜಾದಂತಹ ವೈರಸ್ ಕಾಯಿಲೆಗಳು ಶ್ವಾಸಕೋಶಕ್ಕೆ ಇಳಿದಾಗ ಬಿಪಿ ಇರುವವರು ಏನನ್ನು ಗಮನಿಸಬೇಕೆಂದು ತಿಳಿಸುವ ಕಿರುಹೊತ್ತಗೆಯೊಂದನ್ನು ಬರೆಯುತ್ತಿದ್ದೇನೆ. ಕರಡನ್ನು ತಿಪಟೂರು ಕಡೆಯ ನಮ್ಮ ದೊಡ್ಡಪ್ಪನವರಿಗೆ ಓದಿ ಹೇಳುತ್ತಿದ್ದಾಗ, ‘ಶ್ವಾಸಕೋಶದ ಉರಿಯೂತ’ ಎಂಬಲ್ಲಿ ಅವರು ಎದೆಯ ಮೇಲೆ ಅಂಗೈ ಇಟ್ಟುಕೊಂಡು, “ಎದೆಯುರಿ ನನಗೂ ಬರುತ್ತೆ ಕಣಪ್ಪ, ಮಜ್ಜಿಗೆ ಕುಡಿದರೆ ಹೋಗುತ್ತೆ” ಎಂದರು. ಸೋಂಕಿಗೋ ಗಾಯಕ್ಕೋ ಮೈ ತೋರುವ ಪ್ರತಿಕ್ರಿಯೆಗೆ, ಅಂದರೆ ಇಂಗ್ಲಿಷಿನ ‘ಇನ್‌ಫ್ಲಮೇಶನ್’ಗೆ, ನಾವು ಬಳಸುವ ಈ ಪದ ಅಂದಿನಿಂದ ನನ್ನನ್ನು ಕಾಡುತ್ತಿದೆ.

ಕೆಂಪು, ಊತ, ಬಿಸಿ, ನೋವು ಎಂದು ಸುಮಾರು 2000 ವರ್ಷಗಳ ಹಿಂದೆ ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಹೇಳಿದ ಇದರ 4 ಲಕ್ಷಣಗಳಲ್ಲಿ ಎರಡನ್ನು ನಮ್ಮ ‘ಉರಿಯೂತ’ ಹಿಡಿದಿಟ್ಟಿದೆ. ಮುಳ್ಳು ನೆಟ್ಟ ಬೆರಳಿಗೆ ಇದಕ್ಕಿಂತ ಒಳ್ಳೆಯ ಪದ ಬೇಕಿಲ್ಲ. ಆದರೆ ಶ್ವಾಸಕೋಶದ ಗಾಳಿಗೂಡುಗಳಲ್ಲಿ ದ್ರವ ತುಂಬುವಾಗ ರೋಗಿಗೆ ಉರಿಯೂ ತಿಳಿಯದು, ಊತವೂ ಕಾಣದು. ತಿಳಿಯುವುದು ಏದುಸಿರು, ಕೆಮ್ಮಿನಂತಹವು ಮಾತ್ರ.

‘ನಂಜು’ ಎನ್ನಬಹುದೆಂದು ಗೆಳೆಯರೊಬ್ಬರು ಸೂಚಿಸಿದರು. ನಾನು ಒಪ್ಪಲಾರೆ. ಸೋಂಕೇ ಬೇರೆ, ಸೋಂಕಿಗೆ ಮೈ ತೋರುವ ಪ್ರತಿಕ್ರಿಯೆಯೇ ಬೇರೆ. ‘ನಂಜು’ ಎಂದರೆ ಎರಡೂ ಒಂದಾಗಿಬಿಡುತ್ತವೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗದಿಂದ ತಿಳಿದುಬಂದಂತೆ, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಔಷಧ ಆಕ್ಸಿಜನ್ ಬೇಕಾದ ಕೋವಿಡ್ ರೋಗಿಗಳಲ್ಲಿ ಸಾವನ್ನು ತಗ್ಗಿಸಿದ್ದು ವೈರಸ್ಸನ್ನು ಕೊಂದಲ್ಲ, ಈ ಪ್ರತಿಕ್ರಿಯೆಯನ್ನು ಅಡಗಿಸಿ. ಆಕ್ಸಿಜನ್ ಬೇಡದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಅದೇ ಔಷಧ ಬಿಪಿಯನ್ನು ಏರಿಸಲೂಬಹುದಾದ್ದರಿಂದ, ನನ್ನ ಓದುಗರಿಗೆ ಈ ವ್ಯತ್ಯಾಸ ತಿಳಿಯಲೇಬೇಕು.

‘ಅಧಿಕ ರಕ್ತದೊತ್ತಡ’ವನ್ನು ಶೀರ್ಷಿಕೆಯಲ್ಲಿ ಮಾತ್ರ ಉಳಿಸಿಕೊಂಡಿದ್ದೇನೆ. ‘ಒತ್ತಡ’ ಎಂದೊಡನೆ ದೊಡ್ಡಪ್ಪ, “ನನಗೇನು ಒತ್ತಡ, ಮಕ್ಕಳೆಲ್ಲ ನೆಲೆ ಕಂಡಿದ್ದಾರಲ್ಲ” ಎಂದದ್ದೇ ಇದಕ್ಕೆ ಕಾರಣ. ಬಿಪಿಗೆ ಕೊಡುವ ಟೆಲ್ಮಿಸಾರ್ಟಾನ್, ರಾಮಿಪ್ರಿಲ್‌ನಂತಹ ಮಾತ್ರೆಗಳಿಂದ ಕೋವಿಡ್ ಹೆಚ್ಚಬಹುದೆಂಬ ಭಯ 2020ರಲ್ಲಿ ಹರಡಿದಾಗ, ಅವನ್ನು ತಾವಾಗಿಯೇ ನಿಲ್ಲಿಸಬಾರದೆಂದು ಹೃದ್ರೋಗ ತಜ್ಞರ ಸಂಘಗಳು ಹೇಳಬೇಕಾಯಿತು. ಅಂತಹ ಸೂಚನೆಯಲ್ಲಿ ‘ಬಿಪಿ ಮಾತ್ರೆ’ ಎಂದರಷ್ಟೇ ಎಲ್ಲರಿಗೂ ತಿಳಿಯುತ್ತದೆ.

ಇನ್ನು ನನ್ನ ಪ್ರಶ್ನೆ. ‘ಹುಣ್ಣು ಕೆರಳಿದೆ’ ಎನ್ನುತ್ತೇವಲ್ಲ, ಹಾಗೆಯೇ ‘ವೈರಸ್ಸಿನಿಂದ ಶ್ವಾಸಕೋಶ ಕೆರಳಿದೆ’ ಎಂದು ಬರೆದು, ಪಕ್ಕದಲ್ಲಿ ‘ಉರಿಯೂತ’ವನ್ನೂ ಇಟ್ಟರೆ ಸರಿಯಾದೀತೇ? ‘ಬಾವು’ ಎಂದರೆ ನಮ್ಮ ಕಡೆ ಕೀವು ಕಟ್ಟಿದ ಗಡ್ಡೆಯೆಂದೇ ಅರ್ಥವಾದ್ದರಿಂದ ಅದನ್ನು ಬಿಟ್ಟಿದ್ದೇನೆ. ಕಣ್ಣಿಗೆ ಕಾಣದ, ಒಳಗಿನ ಇಂತಹ ಊತಕ್ಕೆ ನಿಮ್ಮ ಕಡೆಯ ಹಿರಿಯರು ಬಳಸುವ ಮಾತೇನಾದರೂ ಇದ್ದರೆ, ಅದನ್ನು ಬಳಸುವ ಸಂದರ್ಭದೊಡನೆ ದಯವಿಟ್ಟು ತಿಳಿಸಿ.