ಶೀಟಿನ ಕೆಲಸವೋ, ಗಾರೆ ಕೆಲಸವೋ? – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಮಾಯಕೊಂಡದ ಕಡೆಯ 22ರ ತರುಣರೊಬ್ಬರು ಬರೆದಿದ್ದರು: ‘ಬಿ.ಕಾಂ. ಅರ್ಧಕ್ಕೆ ನಿಂತಿದೆ. ಸೋದರಮಾವ ಅಡಿಕೆ ಶೆಡ್ಡು, ರೈಸ್‌ಮಿಲ್ಲುಗಳಿಗೆ ತಗಡಿನ ಚಾವಣಿ ಹಾಕಿಸುವ ಗುತ್ತಿಗೆದಾರ. ಜೊತೆಗೆ ಬಾ ಅನ್ನುತ್ತಾನೆ. ಮೇಲೆ ಹತ್ತುವ ಕೆಲಸ ಬೇಡ, ಬೇಕಿದ್ದರೆ ಗಾರೆ ಕಲಿ ಅನ್ನುತ್ತಾರೆ ಅಪ್ಪ. ಏನು ಮಾಡಲಿ?’ ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲನೆಯದನ್ನು ಮೊಟಕು ಮಾಡಲು ಮನಸ್ಸಾಗಲಿಲ್ಲ.

ತಮ್ಮಾ, ನಿನ್ನ ಪತ್ರ ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ. ನಮ್ಮ ಮನೆಯವರೂ ಚಾವಣಿ ಕೆಲಸದವರೇ. ಹಿರಿಯೂರು ಕಡೆ ಹಳೇ ಗೋಡೌನಿನ ಸಿಮೆಂಟ್ ಶೀಟು ಬದಲಿಸಲು ಹೋಗಿದ್ದರು. ವರ್ಷಾನುಗಟ್ಟಲೆ ಬಿಸಿಲು ತಿಂದ ಶೀಟು ಹಪ್ಪಳದ ಹಾಗಾಗಿರುತ್ತದೆ. ಬೋಲ್ಟಿನ ಸಾಲು ಕಾಣುವ ಕಡೆ, ಅಂದರೆ ಕೆಳಗೆ ಕಬ್ಬಿಣವಿರುವ ಕಡೆ ಮಾತ್ರ ಕಾಲಿಡಬೇಕು. ಅದಕ್ಕೂ ಒಳ್ಳೆಯದು ಹಲಗೆ ಹಾಸಿಕೊಂಡು ನಡೆಯುವುದು. ಇದೆಲ್ಲ ಅವರಿಗೆ ಗೊತ್ತಿತ್ತು. ಹಲಗೆ ಕೊಡಿ ಅಂತ ಕೇಳಿಯೂ ಇದ್ದರಂತೆ. ‘ಸಂಜೆಯೊಳಗೆ ಮುಗೀಬೇಕು, ಹಲಗೆ ನಾಳೆ ತರಿಸ್ತೀನಿ’ ಅಂದನಂತೆ ಕೆಲಸ ಹಿಡಿದವನು. ಮಧ್ಯಾಹ್ನ ಉಂಡು ಹತ್ತಿದವರು ಶೀಟು ಮುರಿದು ನೇರ ನೆಲಕ್ಕೆ ಬಿದ್ದರು. ಸೊಂಟ ಮುರಿಯಿತು. ಜೀವ ಉಳಿದಿದೆ, ಗೋಡೆ ಹಿಡಿದು ನಡೆಯುತ್ತಾರೆ.

ಆಸ್ಪತ್ರೆಗೆ ಒಮ್ಮೆ ಬಂದು ಹೋದ ಆ ಮನುಷ್ಯ ಆಮೇಲೆ ಫೋನೇ ಎತ್ತಲಿಲ್ಲ. ಲೇಬರ್ ಕಾರ್ಡಾದರೂ ಇದ್ದಿದ್ದರೆ! ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿದ್ದಕ್ಕೆ ಪ್ರಮಾಣಪತ್ರ ಬೇಕು. ಅದಕ್ಕೆ ಸಹಿ ಹಾಕಿಕೊಡಲು ಅವನು ಇವತ್ತು, ನಾಳೆ ಎನ್ನುತ್ತಲೇ ದಿನ ತಳ್ಳಿದ್ದ.

ಇಷ್ಟಾದರೂ ನಿನಗೆ ಹೋಗಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಬಸ್ಸಿನಲ್ಲಿ ಹೋಗುವಾಗ ತಾವು ಹಾಕಿದ ಶೆಡ್ಡು ಕಂಡರೆ ನಮ್ಮವರು ಈಗಲೂ ಕಿಟಕಿಗೆ ಬಗ್ಗಿ ‘ನೋಡೇ, ಅದು ನಂದು’ ಅನ್ನುತ್ತಾರೆ. ನಿನ್ನ ಮಾವನನ್ನು ಒಂದು ಮಾತು ಕೇಳು: ಹೆಗಲಿಗೂ ತೊಡೆಗೂ ಕಟ್ಟುವ ಸೇಫ್ಟಿ ಬೆಲ್ಟು ನಿಮ್ಮಲ್ಲಿ ಎಷ್ಟಿವೆ? ಆಳಿಗೊಂದು ಇಲ್ಲದಿದ್ದರೆ, ಮಾವನಾದರೂ ಸರಿ, ಅವನ ಜೊತೆ ಹತ್ತಬೇಡ.
– ಗೃಹಿಣಿ, ಜಗಳೂರು ತಾಲ್ಲೂಕು

ಈ ಅಕ್ಕನ ಪ್ರಶ್ನೆಯನ್ನು ತರುಣರು ಮಾವನ ಮುಂದೆ ಇಟ್ಟೇ ಇಡುತ್ತಾರೆಂದು ನಂಬಿದ್ದೇವೆ. ಮುಂದಿನದು ಒರಟು ಮಾತು, ಆದರೆ ಕಾಳಜಿಯದು.

ಅಪ್ಪ ಹೀಗಂದರು, ಮಾವ ಹಾಗಂದರು ಎಂದು ಬರೆದಿದ್ದೀಯ. ನಿನಗೇನು ಬೇಕು ಅಂತ ಪತ್ರದಲ್ಲಿ ಒಂದು ಸಾಲೂ ಇಲ್ಲ. ಒಂದು ವಾರ ಏಣಿ ಹತ್ತಿ ಇಳಿ. ಆಮೇಲೆ ಬರಿ.
– ನಿವೃತ್ತ ಶಿಕ್ಷಕ, ಹೊಳಲ್ಕೆರೆ

ಗಾರೆ ಅಂದರೆ ನೆಲದ ಮೇಲಿನ ಕೆಲಸ ಅಂತ ನಿಮ್ಮ ತಂದೆಯವರು ತಿಳಿದಂತಿದೆ. ಹೊರಗೋಡೆಗೆ ಪ್ಲಾಸ್ಟರಿಂಗ್ ಮಾಡುವಾಗ ಮೂರನೇ ಅಂತಸ್ತಿನ ಸಾರುವೆ ಮೇಲೆ ನಿಲ್ಲುವವರು ನಾವೇ. ಮೋಲ್ಡ್ ಹಾಕಿದ ಮೇಲೆ ನಾಲ್ಕೂವರೆ ಮೀಟರ್ ಅಗಲದವರೆಗಿನ ಸ್ಲ್ಯಾಬಿಗೆ ಆಸರೆ ಕಂಬ 7 ದಿನವಾದರೂ ನಿಲ್ಲಬೇಕು, ಅದಕ್ಕೂ ಅಗಲವಿದ್ದರೆ 14 ದಿನ. ಮಾಲೀಕರ ಅವಸರಕ್ಕೆ ಬೇಗ ಸೆಂಟ್ರಿಂಗ್ ಬಿಚ್ಚಿದರೆ ಕೆಳಗಿದ್ದವನ ತಲೆ ಮೇಲೇ ಬರುತ್ತದೆ. ಹಸಿ ಸಿಮೆಂಟು ಬೆರಳ ಸಂದಿಯನ್ನು ತಿನ್ನುತ್ತದೆ, ಗ್ಲೌಸ್ ಇಲ್ಲದೆ ಕಲಸಬೇಡಿ. ಗಾರೆಗೊಂದು ಅನುಕೂಲವಿದೆ: ಮಳೆ ಹಿಡಿದರೂ ಒಳಗಿನ ಗಿಲಾಯಿ, ಟೈಲ್ಸ್ ನಡೆಯುತ್ತವೆ, ಬಟವಾಡೆ ತಪ್ಪುವುದಿಲ್ಲ.
– ಗಾರೆ ಮೇಸ್ತ್ರಿ, ದಾವಣಗೆರೆ

ಮಾವನ ಕಸುಬಿನವರೇ ಬರೆದ ಪತ್ರವೂ ಬಂತೆಂಬುದು ನಮಗೆ ಸಂತೋಷ.

ತಗಡು ಹಾಕುವುದಕ್ಕೂ ತಲೆ ಬೇಕು ತಮ್ಮಾ. ಮುಂಗಾರಿನ ಗಾಳಿ ನಮಗೆ ಪಡುವಣದಿಂದ ಬರುತ್ತದೆ. ಶೆಡ್ಡು ಪೂರ್ವ-ಪಶ್ಚಿಮ ಉದ್ದವಿದ್ದರೆ ಮೊದಲ ಶೀಟು ಮೂಡಣ ತುದಿಯಲ್ಲಿ ಕೂರಬೇಕು. ಆಗ ಒಂದರ ಮೇಲೊಂದು ಬರುವ ಅಂಚಿನೊಳಗೆ ಗಾಳಿ-ಮಳೆ ನುಗ್ಗುವುದಿಲ್ಲ. ಸ್ಕ್ರೂ ಯಾವತ್ತೂ ಉಬ್ಬಿನ ಮೇಲೆ, ನೀರು ಹರಿಯುವ ತಗ್ಗಿನಲ್ಲಿ ಬೇಡ. ರಬ್ಬರ್ ವಾಶರ್ ಒತ್ತಿ ಕೂತರೆ ಸಾಕು. ಜೋರಾಗಿ ಬಿಗಿದರೆ ಅದು ಹರಿದು ಮೊದಲ ಮಳೆಗೇ ಸೋರುತ್ತದೆ, ಬೈಗುಳ ನಿನ್ನ ಪಾಲಿಗೆ.

ನನ್ನ ಸಲಹೆ: ಮೊದಲು ಐಟಿಐ ಸೇರಿ ವೆಲ್ಡರ್ ಕಲಿ. 1 ವರ್ಷದ ಕೋರ್ಸು. ಚಾವಣಿ ಹೊರುವ ಟ್ರಸ್ಸನ್ನು ಬೆಸೆಯಬಲ್ಲವನಿಗೆ ಮಳೆಗಾಲದಲ್ಲೂ ಗೇಟು, ಗ್ರಿಲ್ಲು, ಕಿಟಕಿ ಅಂತ ನೆಲದ ಮೇಲೇ ದುಡಿಮೆ ಇದೆ. ಮೇಲೆ ಹತ್ತುವುದು ಆಗ ನಿನ್ನ ಇಷ್ಟ.
– ಶೀಟ್ ಫಿಟ್ಟರ್, ಚನ್ನಗಿರಿ

ಕೇಳಿದ ಪ್ರಶ್ನೆಯಿಂದ ಕೊಂಚ ದೂರ ಹೋದರೂ ಈ ಪತ್ರವನ್ನು ಬಿಡಲಾಗಲಿಲ್ಲ.

ಮಗಾ, ಎಲ್ಲರೂ ತಗಡು, ಮೋಲ್ಡ್ ಅಂತಾರೆ. ನಮ್ಮದು ಮಣ್ಣಿನ ಮಾಳಿಗೆ ಮನೆ. ಜಂತೆ ಮೂರು ಹುಳ ಹಿಡಿದಿವೆ. ಬಿಚ್ಚಿ ಹೊಸ ಜಂತೆ ಕೂರಿಸಿ, ಚೌಳು ಮಣ್ಣು ಹಾಕಿ ಬಡಿಯುವವರು ಸುತ್ತ ಊರಲ್ಲಿ ಒಬ್ಬರೂ ಸಿಗಲಿಲ್ಲ. ತಗಡು ಹಾಕಿಸು ಅಂತಾನೆ ಮಗ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದರಡಿ ಕೂರೋಕಾಗುತ್ತಾ? ಇದನ್ನು ಕಲಿತು ಬಾ, ಕರೆದು ಊಟ ಹಾಕಿ ಕೆಲಸ ಕೊಡ್ತೀವಿ.
– ಅಜ್ಜಿಯೊಬ್ಬರು, ಚಳ್ಳಕೆರೆ ತಾಲ್ಲೂಕು

ಕಾರ್ಡಿನ ಬಗ್ಗೆ ಹಲವರು ವಿಚಾರಿಸಿದ್ದಾರೆ. 18ರಿಂದ 60 ವರ್ಷದೊಳಗಿನವರು ನೋಂದಾಯಿಸಬಹುದು, ಮಾಹಿತಿ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಸಿಗುತ್ತದೆ. ಚನ್ನಗಿರಿಯವರ ಪತ್ರವನ್ನು ತರುಣರು ತಂದೆಗೂ ಓದಿ ಹೇಳಲಿ ಎಂದು ಕೋರುತ್ತೇವೆ.